ಎಳ್ಳಮಾವಾಸ್ಯೆಯ ಸೂಟಿ

ಅವರ ಹೆಬ್ಬೆರಳು ತಾಗಿದ ಕಡೆಯಲ್ಲೆಲ್ಲ ಕಾಗದ ಎಣ್ಣೆ ಕುಡಿದು, ಹಿಂಬದಿಯ ಅಕ್ಷರ ಮುಂಬದಿಗೆ ಕಾಣುತ್ತಿತ್ತು. ವಿಜಾಪುರದ ಶೇಂಗಾ ಎಣ್ಣೆ ಗಿರಣಿಯಲ್ಲಿ ಗಾಣ ನೋಡಿಕೊಳ್ಳುತ್ತಿದ್ದ ಅವರು ನಮ್ಮ ಮನೆಯ ಹಿಂಬದಿಯ ಮನೆಯವರು. ನಾನು ಕಾಕಾ ಎನ್ನುತ್ತಿದ್ದೆ. ಗಿರಣಿಯ ಕಾಮಗಾರರ ಸಂಘಕ್ಕೆ ಅವರೇ ಮುಖಂಡರು. ಓದಲು ಬರುತ್ತಿರಲಿಲ್ಲ. ಬಿ.ಎ. ಮುಗಿಸಿ ಬಂದಿದ್ದ ನನ್ನಿಂದ ಅರ್ಜಿ ಬರೆಸಿ, ಮೂರು ಸಲ ಓದಿಸಿ ಕೇಳುತ್ತಿದ್ದರು.

ಗಿರಣಿಯೊಂದಿಗಿನ ಆ ವರ್ಷದ ಕರಾರಿನಲ್ಲಿ ಅವರು ಹಟ ಹಿಡಿದದ್ದು ಒಂದೇ ದಿನದ ರಜೆಗೆ. ಎಳ್ಳಮಾವಾಸ್ಯೆಗೆ ತಿಕೋಟಾ, ಬಬಲೇಶ್ವರದ ಕಡೆಯ ಕೆಲಸಗಾರರೆಲ್ಲ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಉಣ್ಣಲು ಊರಿಗೆ ಹೋಗುತ್ತಿದ್ದರು. ಗಿರಣಿ ಅವರ ಆ ದಿನದ ಪಗಾರ ಕಡಿಯುತ್ತಿತ್ತು. ಹಿಂದಿನ ವರ್ಷ ಇಬ್ಬರನ್ನು ಕೆಲಸದಿಂದಲೇ ತೆಗೆದಿತ್ತು. ಮುಂಬಯಿಯಿಂದ ಬಂದ ಮ್ಯಾನೇಜರರಿಗೆ ಈ ಹಬ್ಬ ಹೊಸದು. ಹೊಲವಿದ್ದವರಿಗೆ ಮಾತ್ರ ಪಗಾರಿ ಸೂಟಿ ಕೊಡುತ್ತೇನೆ ಎಂದರು. ಕಾಕಾನಿಗೆ ಗೇಣು ಹೊಲವೂ ಇರಲಿಲ್ಲ. ಕರಾರು ಬರೆಯಲು ಕಾಗದ ಹಿಡಿದು ನಾನು ಮ್ಯಾನೇಜರರ ಕೋಣೆಯ ಮೂಲೆಯಲ್ಲಿ ಕೂತಿದ್ದೆ.

“ಹೊಲ ಇದ್ದಾವ ಅವತ್ತ ಒಬ್ಬನ ಉಣ್ಣೂದಿಲ್ರಿ ಸಾಹೇಬ್ರ,” ಎಂದರು ಕಾಕಾ. “ಇಲ್ಲದವರನ್ನ ಕರದು ಉಣಸ್ತಾನ. ನೀವೂ ಬರ್ರಿ. ನಿಮಗೂ ಇಲ್ಲಿ ಹೊಲ ಇಲ್ಲಲ್ಲ.”

ಮ್ಯಾನೇಜರರು ನಕ್ಕುಬಿಟ್ಟರು. ಎಲ್ಲರಿಗೂ ಸೂಟಿ ಎಂದು ಬರೆಯಲು ನನಗೆ ಹೇಳಿದರು. ಬರೆದೆ. ರುಜುವಿಗೆ ಪೆನ್ನು ತೆಗೆದಾಗ ಕಾಕಾ, ತಮ್ಮ ರೂಢಿಯಂತೆ, ಓದು ಎಂದರು. ಎರಡು ಸಲ ಸುಮ್ಮನೆ ಕೇಳಿದರು. ಮೂರನೆಯ ಸಲ ತಡೆದರು. ನಾನು ಹಬ್ಬದ ಹೆಸರಿನ ಬದಲು ಆ ವರ್ಷ ಅದು ಬೀಳುವ ಇಂಗ್ಲಿಷ್ ತಾರೀಖು ಬರೆದಿದ್ದೆ.

“ಯವ್ವಾ, ಅಮಾಸಿ ತಾರೀಖ ಕೇಳಿ ಬರತೈತೇನು? ಮುಂದಿನ ವರ್ಷ ನಿನ್ನ ತಾರೀಖಿಗೆ ಮಂದಿ ಮನ್ಯಾಗ ಕುಂತು, ಹಬ್ಬದ ದಿನ ಗಾಣದ ಮುಂದ ನಿಲ್ಲಬೇಕಾಗತೈತಿ.”

ನನ್ನ ಮುಖ ಬಿಸಿಯಾಯಿತು. ಅವರು ಮ್ಯಾನೇಜರರತ್ತ ತಿರುಗಿ, “ಶಾಣ್ಯಾಕಿ ಅದಾಳ್ರಿ, ತಿದ್ದತಾಳ,” ಎಂದಷ್ಟೇ ಹೇಳಿದರು. ತಿದ್ದಿದೆ: ಪ್ರತಿ ವರ್ಷ ಎಳ್ಳಮಾವಾಸ್ಯೆ ಬರುವ ದಿನ, ಎಲ್ಲ ಕಾಮಗಾರರಿಗೆ, ಪಗಾರ ಸಹಿತ. ರುಜು ಬಿತ್ತು. ಇವತ್ತಿಗೂ ಏನು ಬರೆದರೂ ಮುಂದಿನ ವರ್ಷವನ್ನು ನೆನೆದು ಒಮ್ಮೆ ಓದುತ್ತೇನೆ. ಆ ಪಾಠ ನನಗೆ ಕಾಲೇಜಿನಲ್ಲಿ ಸಿಕ್ಕಿರಲಿಲ್ಲ.

ಆ ಸೂಟಿಯನ್ನು ಕಾಕಾ ಒಮ್ಮೆ ಮಾತ್ರ ಕಂಡರು. ಮರು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಅವರಿಲ್ಲದ ಎಳ್ಳಮಾವಾಸ್ಯೆ ಹಿಂದಿನದಕ್ಕಿಂತ ಹನ್ನೊಂದು ದಿನ ಮೊದಲೇ ಬಂತು. ಗಿರಣಿಯ ಭೋಂಗಾ ಕೂಗಲಿಲ್ಲ. ಬಬಲೇಶ್ವರದ ದಾರಿಗೆ ಚಕ್ಕಡಿಗಳು ಬೆಳಿಗ್ಗೆಯೇ ಹೊರಟಿದ್ದವು. ಒಂದರಲ್ಲಿ ನನಗೂ ಜಾಗ ಬಿಟ್ಟಿದ್ದರು.