ಅಂಕಣದ ಬದಿಗೆ ನಿಂತ ಓಮ್ನಿ

ಬರ್ತಾ ಟೀಚರು ಜೀವನವಿಡೀ ಓಡಿದವರು. ಕಾಪು ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಟೀಚರಾಗಿದ್ದರು. ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ಸೀಟಿ, ಬಿಸಿಲು ಜೋರಾದರೆ ತಲೆಯ ಮೇಲೊಂದು ಟವೆಲು. ಅವರು ಕಟ್ಟಿದ ತ್ರೋಬಾಲ್ ತಂಡ ಎಷ್ಟೋ ಸಲ ಜಿಲ್ಲೆ ಗೆದ್ದು ಬಂದಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಪ್ರಾಕ್ಟೀಸ್ ತಪ್ಪುತ್ತದಲ್ಲ" ಎಂದು ನಗುತ್ತಿದ್ದರು. ಎಂಬತ್ತು ದಾಟಿದ ಮೇಲೆ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಬಂತು. ಜಗಲಿಯಿಂದ ಗೇಟಿಗೆ ಹೋಗಿ ಬರುವುದೇ ಅವರಿಗೆ ದೊಡ್ಡ ಪ್ರಯಾಣವಾಯಿತು.

ಅವರನ್ನು ನೋಡಿಕೊಳ್ಳುತ್ತಿದ್ದವನು ತಂಗಿಯ ಮಗ ಕಾರ್ಲ್ಟನ್. ಇನ್ನಂಜೆಯಲ್ಲಿ ಅವನದ್ದು ಮೈಕ್ ಸೆಟ್ಟಿನ ವ್ಯಾಪಾರ. ಮದುವೆ, ಸಭೆ, ಚರ್ಚಿನ ಹಬ್ಬ, ಯಾವುದಕ್ಕೂ ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಿದ್ದ. ಹೆಂಡತಿ ಕುವೈತಿನಲ್ಲಿ ನರ್ಸ್. ಹಾಗಾಗಿ ಮಾವ್ಶಿಯನ್ನು, ಅಂದರೆ ಅಮ್ಮನ ಈ ಅಕ್ಕನನ್ನು, ಎಲ್ಲಿಗೆ ಕರೆದುಕೊಂಡು ಹೋಗುವುದಿದ್ದರೂ ಅವನೊಬ್ಬನೇ, ತನ್ನ ಹಳೆಯ ಆಲ್ಟೊ ಕಾರಿನಲ್ಲಿ.

ಕಾರು ಓಡಿಸುವಾಗ ಅವನಿಗೆ ಏನೂ ಅನಿಸುತ್ತಿರಲಿಲ್ಲ. ನಿಲ್ಲಿಸುವ ಹೊತ್ತಿಗೆ ಜೀವ ಬಾಯಿಗೆ ಬರುತ್ತಿತ್ತು. ಮೊದಲು ಮಾವ್ಶಿಯನ್ನು ಬಾಗಿಲಲ್ಲಿ ಇಳಿಸೋಣವೆಂದರೆ, ವಾಕರ್ ಬಿಡಿಸಿ, ಅವರ ಕಾಲುಗಳನ್ನು ಒಂದೊಂದಾಗಿ ಹೊರಗಿಟ್ಟು, ತೋಳು ಹಿಡಿದು ಎಬ್ಬಿಸುವಷ್ಟರಲ್ಲಿ ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿಯುತ್ತಿದ್ದ. ಮೊದಲು ಕಾರು ನಿಲ್ಲಿಸೋಣವೆಂದರೆ ಜಾಗ ಸಿಗುವುದು ಎರಡು ಬೀದಿ ಆಚೆ, ಅಲ್ಲಿಂದ ನಡೆದು ಬರುವುದು ಅವರಿಂದಾಗದು. ಮಣಿಪಾಲದ ಮೂಳೆ ಡಾಕ್ಟರಲ್ಲಿಗೆ ಹೋದಾಗ ಇಳಿಜಾರಿನಲ್ಲಿ ಮಾತ್ರ ಜಾಗ ಸಿಕ್ಕಿ, ತೆರೆದ ಬಾಗಿಲು ತಾನಾಗಿ ಬಂದು ಅವರ ಮೊಣಕಾಲಿಗೇ ಬಡಿದಿತ್ತು. ಅಂಬಲಪಾಡಿಯಲ್ಲಿ ಒಮ್ಮೆ ಅಂಗಡಿಯವರಲ್ಲಿ ಪ್ಲಾಸ್ಟಿಕ್ ಕುರ್ಚಿ ಕೇಳಿ ಅವರನ್ನು ಕೂರಿಸಿ, ಕಾರು ನಿಲ್ಲಿಸಲು ಹೋದವನು ಸುತ್ತು ಹಾಕಿ ಹಾಕಿ ಕೊನೆಗೆ ಓಡಿ ಬಂದರೆ, ಮಾವ್ಶಿ ಇಟ್ಟಲ್ಲಿ ಇರಲಿಲ್ಲ. ಸಾಮಾನು ಇಳಿಸುವವರು ಕುರ್ಚಿ ಸಮೇತ ಎತ್ತಿ ಮೂಲೆಗೆ ಸರಿಸಿದ್ದರು.

"ನನ್ನನ್ನು ಪಾರ್ಸೆಲ್ ಮಾಡಿಬಿಟ್ಟಿಯಲ್ಲ ಪುತಾ," ಎಂದರು ಟೀಚರು. ಮಗನೇ ಎಂದು ಕರೆಯುವ ಕೊಂಕಣಿ ಮಾತು ಅದು. ಅವತ್ತು ಅದರಲ್ಲಿ ಮುದ್ದು ಇರಲಿಲ್ಲ. "ಸಾಕು. ಇನ್ನು ಡಾಕ್ಟರ್ ಬಿಟ್ಟರೆ ನಾನು ಎಲ್ಲಿಗೂ ಇಲ್ಲ."

ಹೇಳಿದಂತೆಯೇ ಮಾಡಿದರು. ಚರ್ಚಿನ ಭಾನುವಾರದ ಪೂಜೆಯನ್ನೂ ಫೋನಿನಲ್ಲೇ ನೋಡತೊಡಗಿದರು.

ಹೀಗಿರುವಾಗ ಜನವರಿಯಲ್ಲಿ ವಿನೋದಾ ಫೋನು ಮಾಡಿದಳು. ಟೀಚರ ಹಳೆಯ ಶಿಷ್ಯೆ, ಈಗ ಅದೇ ಶಾಲೆಯಲ್ಲಿ ಅವರದ್ದೇ ಕೆಲಸದಲ್ಲಿದ್ದವಳು.

"ಟೀಚರ್, ನಮ್ಮ ಮಕ್ಕಳು ಸೆಮಿಫೈನಲಿಗೆ ಬಂದಿದ್ದಾರೆ! ನೀವು ರಿಟೈರ್ ಆದ ಮೇಲೆ ಇದೇ ಮೊದಲು. ಶನಿವಾರ ಕಾರ್ಕಳದಲ್ಲಿ ಮ್ಯಾಚ್. ಗೆದ್ದರೆ ಭಾನುವಾರ ಫೈನಲ್. ನೀವು ಬರಲೇಬೇಕು."

ಫೋನಿಟ್ಟ ಟೀಚರು ಕರೆದರು: "ಕಾರ್ಲ್ಟನ್! ಮಂಚದ ಕೆಳಗೆ ನನ್ನ ಕ್ಯಾನ್ವಾಸ್ ಶೂ ಉಂಟು, ತೆಗಿ."

ಶನಿವಾರ ಊಟ ಮುಗಿಸಿ ಹೊರಟರು. ಶಿರ್ವ, ಬೆಳ್ಮಣ್, ನಿಟ್ಟೆ ದಾಟುವವರೆಗೂ ಟೀಚರ ಬಾಯಿ ನಿಲ್ಲಲಿಲ್ಲ. ಸರ್ವೀಸ್ ಹೇಗಿರಬೇಕು, ನೆಟ್ಟಿನ ಹತ್ತಿರ ಯಾರು ನಿಲ್ಲಬೇಕು, ಎಲ್ಲ ಕಾರ್ಲ್ಟನ್‌ಗೇ ಕಲಿಸಿದರು. ಮೈದಾನದ ಗೇಟಿಗೆ ಬಂದಾಗ ಸೆಕ್ಯುರಿಟಿಯವನು ಹಗ್ಗ ಎಳೆದು ಹಿಡಿದಿದ್ದ. ಯಂಕಪ್ಪ ಎಂದು ಹೆಸರು, ಬಾಗಲಕೋಟೆ ಕಡೆಯವನು.

"ಒಳಗ ಜಾಗ ಇಲ್ರಿ ಸರ್. ಗೆಸ್ಟ್ ಗಾಡಿ ಅಷ್ಟ ಬಿಡು ಅಂದಾರ. ಅಲ್ಲಿ ಕೆಳಗ ಗದ್ದ್ಯಾಗ ಹಚ್ಚರಿ."

"ಇವರಿಗೆ ನಡೀಲಿಕ್ಕೆ ಆಗುದಿಲ್ಲ ಮಾರಾಯ. ಇಳಿಸಿಯಾದ್ರೂ ಬರ್ತೇನೆ."

"ನನಗೂ ಕಾಣಸ್ತೈತ್ರಿ. ಬಿಟ್ರ ನನ್ನ ಕೆಲಸ ಹೊಕ್ಕೈತಿ," ಎಂದ ಯಂಕಪ್ಪ. ಹಿಂದೆ ಸಾಲಾಗಿ ಕಾರುಗಳು ನಿಂತಿದ್ದವು, ಎಲ್ಲವೂ ಕೂಗುತ್ತಿದ್ದವು.

ಗದ್ದೆಯೆಂದರೆ ಕೊಯ್ಲು ಮುಗಿದ ಗದ್ದೆ. ಕಾರು ನಿಲ್ಲಿಸಿ ಟೀಚರನ್ನು ಇಳಿಸಿದರೆ ವಾಕರಿನ ಕಾಲುಗಳು ಮೆತ್ತನೆ ಮಣ್ಣಿನಲ್ಲಿ ಹೂತುಹೋದವು. ಎತ್ತಿ ಮುಂದಿಟ್ಟರೆ ಮತ್ತೆ ಹೂತವು. ಎತ್ತಿಕೊಂಡು ಹೋಗುತ್ತೇನೆಂದ ಕಾರ್ಲ್ಟನ್‌ನ ಕೈಯನ್ನು ಟೀಚರು ತಳ್ಳಿಬಿಟ್ಟರು. ಕೊನೆಗೆ ಕಾರಿನ ಬಾಗಿಲು ತೆರೆದಿಟ್ಟು ಅಲ್ಲೇ ಕುಳಿತರು. ಮೇಲಿನಿಂದ ಜನರ ಕೂಗು ತೇಲಿ ಬರುತ್ತಿತ್ತು. ಮೈಕಿನಲ್ಲಿ ಯಾರೋ ಏನೋ ಹೇಳುತ್ತಿದ್ದರು. ಎರಡು ಮಾತಿಗೊಮ್ಮೆ 'ಕುಂಯ್' ಎಂದು ಅದು ಊಳಿಟ್ಟಾಗ ಕಾರ್ಲ್ಟನ್‌ಗೆ ಹಲ್ಲು ಜುಮ್ಮೆನ್ನುತ್ತಿತ್ತು.

"ಈಗ ನಮ್ಮವರ ಪಾಯಿಂಟ್," ಎನ್ನುತ್ತಿದ್ದರು ಟೀಚರು, ಕಣ್ಣು ಮುಚ್ಚಿ. "ಇದು ಅಲ್ಲ. ಇದು ಅವರದ್ದು."

ಆಟ ಮುಗಿದದ್ದು ಗೊತ್ತಾದದ್ದು ವಿನೋದಾಳ ಫೋನಿನಿಂದ. "ಗೆದ್ದೆವು ಟೀಚರ್, ಗೆದ್ದೆವು! ಎಲ್ಲಿದ್ದೀರಿ ನೀವು?"

"ಗದ್ದೆಯಲ್ಲಿ," ಎಂದರು ಟೀಚರು.

ವಾಪಸು ಬರುವಾಗ ಬೆಳ್ಮಣ್ ದಾಟಿದರೂ ಅವರು ಮಾತಾಡಲಿಲ್ಲ. ಶಿರ್ವ ಬಂದಾಗ ಒಮ್ಮೆಲೇ ಕೇಳಿದರು: "ಅದೆಂತ ಮೈಕ್ ಪುತಾ ಅದು? ಒಂದು ಸ್ಕೋರಾದ್ರೂ ಸರಿ ಕೇಳುದು ಬೇಡವಾ?"

ಕಾರ್ಲ್ಟನ್ ಸ್ಟೇರಿಂಗಿಗೆ ಒಂದು ಬಡಿದ. ಹತ್ತಿಪ್ಪತ್ತು ವರ್ಷಗಳಿಂದ ಅವನು ಮೈಕ್ ಸೆಟ್ ತುಂಬಿದ ಓಮ್ನಿ ವ್ಯಾನು ಓಡಿಸುತ್ತಿದ್ದ. ಆ ಗಾಡಿಯನ್ನು ದೂರ ನಿಲ್ಲಿಸು ಎಂದು ಒಬ್ಬನಾದರೂ ಹೇಳಿದ್ದುಂಟೇ? ಮದುವೆ ಹಾಲಿನಲ್ಲಿ ವರನ ಕಾರನ್ನೇ ಹಿಂದೆ ಸರಿಸಿ ಅವನನ್ನು ಒಳಗೆ ಬಿಟ್ಟಿದ್ದರು. 'ಸೌಂಡ್' ಎಂದರೆ ಸಾಕು, ಜನ ತಾವಾಗಿ ಬೈಕು ಎತ್ತಿ ದಾರಿ ಮಾಡುತ್ತಿದ್ದರು.

"ಮಾವ್ಶಿ, ನಾಳೆ ಓಮ್ನಿಯಲ್ಲಿ ಹೋಗುವ."

"ಆ ಪೆಟ್ಟಿಗೆಗಳ ಒಟ್ಟಿಗೆಯಾ?"

"ಪೆಟ್ಟಿಗೆಗಳಿಗೆ ಎಲ್ಲ ಕಡೆ ಜಾಗ ಉಂಟು ಮಾವ್ಶಿ. ನಮಗೆ ಮಾತ್ರ ಇಲ್ಲದ್ದು."

ಟೀಚರು ಕಿಟಕಿಯ ಹೊರಗೆ ನೋಡಿದರು. "ಸುಳ್ಳು ಹೇಳುವುದಾದರೆ ನಾನು ಬರುದಿಲ್ಲ."

"ಯಾರಾದ್ರೂ ಕೇಳಿದರಲ್ಲವಾ ಸುಳ್ಳು ಹೇಳುದು?"

ಭಾನುವಾರ ಓಮ್ನಿಯ ಹಿಂದುಗಡೆ ಸ್ಪೀಕರ್ ಪೆಟ್ಟಿಗೆಗಳು, ನಡುವಿನ ಸೀಟಿನಲ್ಲಿ ಬರ್ತಾ ಟೀಚರು, ಅವರ ಮಡಿಲಲ್ಲಿ ಕಾರ್ಡ್‌ಲೆಸ್ ಮೈಕಿನ ಡಬ್ಬಿ. ಗೇಟಿನಲ್ಲಿ ಯಂಕಪ್ಪ ಗಾಡಿಯ ತಲೆಯ ಮೇಲಿನ ಹಾರ್ನ್ ಸ್ಪೀಕರ್ ನೋಡಿದವನೇ ಓಡಿ ಬಂದ.

"ಸೌಂಡ್‌ನವ್ರೇನ್ರಿ? ಹೋಗ್ರಿ, ಲಗೂನ ಹೋಗ್ರಿ! ಒಳಗ ಮೈಕ್ ಕೆಟ್ಟು ಎಲ್ಲಾರೂ ಒದರಾಕತ್ತಾರ!" ಆಮೇಲೆ ಕಿಟಕಿಯೊಳಗೆ ಬಗ್ಗಿದ. "ನಿನ್ನಿ ಬಂದಿದ್ದ ಅಜ್ಜಿಯಾರಲ್ರಿ ಇವರು?"

ಟೀಚರು ಬೆನ್ನು ನೆಟ್ಟಗೆ ಮಾಡಿದರು.

"ನಾನು ಮಾತಾಡುವವಳು," ಎಂದರು.

ಯಂಕಪ್ಪ ಅವರ ಮುಖವನ್ನೂ ಮಡಿಲಿನ ಡಬ್ಬಿಯನ್ನೂ ನೋಡಿದ. ಮೀಸೆಯೊಳಗೇ ನಕ್ಕ. "ಮಾತಾಡ್ರಿ ಅಜ್ಜಿಯಾರ, ಜೋರ್ ಮಾತಾಡ್ರಿ," ಎಂದು ಹಗ್ಗ ಎತ್ತಿದ.

ಒಳಗೆ ಪಂದ್ಯ ನಡೆಸುತ್ತಿದ್ದ ಜಿತೇಶ್ ಮಾಸ್ಟರು ಸತ್ತ ಆಂಪ್ಲಿಫಯರಿನ ಮುಂದೆ ತಲೆಗೆ ಕೈ ಹೊತ್ತು ನಿಂತಿದ್ದರು. ಎರಡು ದಿನ ಕೂಗಿ ಕೂಗಿ ಅವರ ಸ್ವರವೂ ಹೋಗಿತ್ತು. ಓಮ್ನಿ ಕಂಡದ್ದೇ ಕೈಬೀಸಿದರು. "ಯಾರು ಹೇಳಿದ್ದು ನಿಮಗೆ ಬರ್ಲಿಕ್ಕೆ? ಯಾರಾದ್ರೂ ಆಗ್ಲಿ, ಬೇಗ ಕಟ್ಟಿ ಮಾರಾಯ್ರೆ!"

"ಗಾಡಿ ಅಂಕಣದ ಬದಿಯಲ್ಲೇ ನಿಲ್ಬೇಕು. ವಯರ್ ಸಾಕಾಗುದಿಲ್ಲ," ಎಂದ ಕಾರ್ಲ್ಟನ್. ಸೀಟಿನ ಕೆಳಗೆ ಒಂದು ದೊಡ್ಡ ಸುರುಳಿ ವಯರಿತ್ತು. ಮಾವ್ಶಿ ಅವನನ್ನು ದುರುಗುಟ್ಟಿ ನೋಡಿದರು.

ಹೀಗೆ ಓಮ್ನಿ ಬಂದು ಅಂಕಣದ ಗೆರೆಯ ಪಕ್ಕದಲ್ಲಿ ನಿಂತಿತು. ಕಾರ್ಲ್ಟನ್ ಪಕ್ಕದ ಬಾಗಿಲು ಜಾರಿಸಿದ. ಟೀಚರ ಕಣ್ಣೆದುರಿಗೆ ನೆಟ್ಟು, ಸುಣ್ಣದ ಗೆರೆ, ಕೈಕಾಲು ಬಿಡಿಸಿಕೊಳ್ಳುತ್ತಿದ್ದ ತಮ್ಮ ಶಾಲೆಯ ಹುಡುಗಿಯರು! ಅವರನ್ನು ಇಳಿಸಬೇಕಾಗಲಿಲ್ಲ, ಎಬ್ಬಿಸಬೇಕಾಗಲಿಲ್ಲ. ವಿನೋದಾ ದೂರದಿಂದ ನೋಡಿ, ಕೈಯಲ್ಲಿದ್ದ ನೀರಿನ ಬಾಟಲಿ ಬಿಟ್ಟು ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡಳು.

ಪಂದ್ಯ ಶುರುವಾಯಿತು. ಎದುರಾಳಿ ಕಾರ್ಕಳದವರೇ, ಜನವೆಲ್ಲ ಅವರ ಕಡೆ. ಜಿತೇಶ್ ಮಾಸ್ಟರು ಮೈಕು ಹಿಡಿದರು. ಮೈಕು ಗಂಟೆಯ ಹಾಗಿತ್ತು, ಸ್ವರ ಮಾತ್ರ ಹರಿದ ಕಾಗದ. ಕೆಮ್ಮುತ್ತಾ ಒಂದು ಪಾಯಿಂಟನ್ನು ತಪ್ಪು ತಂಡಕ್ಕೆ ಕೊಟ್ಟರು. ಟೀಚರಿಗೆ ತಡೆಯಲಾಗಲಿಲ್ಲ.

"ಇಲ್ಲಿ ಕೊಡಿ ಅದನ್ನು," ಎಂದು ಕೈ ಚಾಚಿದರು.

ಮಾಸ್ಟರು ಕೊಟ್ಟರು. ಆಮೇಲೆ ಮೈಕು ಅವರಿಗೆ ವಾಪಸು ಸಿಗಲಿಲ್ಲ.

ಮೈದಾನದ ಆಚೆ ತುದಿಗೆ ಬೈಯಲು ಮೈಕೇ ಬೇಕಿಲ್ಲದ ಸ್ವರ ಟೀಚರದ್ದು. ಈಗ ಎರಡು ದೊಡ್ಡ ಪೆಟ್ಟಿಗೆಗಳಲ್ಲಿ ಮೊಳಗಿತು. "ಚೆಂಡು ಚೈತಾಲಿಯ ಕೈಯಲ್ಲಿ, ಕಾಪುವಿನ ಕ್ಯಾಪ್ಟನ್, ಒಳ್ಳೆ ಉದ್ದ ಇದ್ದಾಳೆ ಈ ಹುಡುಗಿ, ಎಸೆದಳು! ಹಿಡಿದರು! ಕಾರ್ಕಳದ ಏಳನೇ ನಂಬರು ಹಿಡಿದಳು, ಏನು ಕೈ ಮಾರಾಯ್ರೆ ಅದು, ಅಂಟು ಹಚ್ಚಿದ ಹಾಗೆ!" ಜನ ತಿರುಗಿ ನೋಡಿದರು. ಓಮ್ನಿಯೊಳಗೆ ಬಿಳಿಕೂದಲಿನ ಮುದುಕಿ, ಕಾಲಲ್ಲಿ ಕ್ಯಾನ್ವಾಸ್ ಶೂ. ನಕ್ಕರು, ಚಪ್ಪಾಳೆ ಹೊಡೆದರು, ಹತ್ತಿರ ಬಂದು ನಿಂತರು. ಚಹಾ ಕುಡಿಯಲು ಹೋಗಿದ್ದವರೂ ಲೋಟ ಹಿಡಿದುಕೊಂಡೇ ವಾಪಸು ಬಂದರು.

ಮೊದಲ ಸೆಟ್ ಕಾಪುವಿಗೆ, ಎರಡನೆಯದು ಕಾರ್ಕಳಕ್ಕೆ. ಮೂರನೆಯದರಲ್ಲಿ ಹದಿಮೂರು ಹದಿಮೂರು. ಟೀಚರ ಕನ್ನಡದ ನಡುವೆ ತುಳು ನುಗ್ಗಿತು, "ದಕ್ಕ್ ಮಗಾ, ದಕ್ಕ್, ಎಸಿ ಬೇಗ!" ಚೈತಾಲಿ ಚೆಂಡು ಹಿಡಿದವಳು ಎತ್ತ ಎಸೆಯಲೆಂದು ಒಂದು ಗಳಿಗೆ ತಡೆದಳು.

"ಮೂರು ಸೆಕೆಂಡ್ ಆಯ್ತು!" ಎಂದು ಟೀಚರು ಗುಡುಗಿದರು. "ಅಂಪೈರ್, ಚೆಂಡು ಹಿಡಿದು ಮೂರು ಸೆಕೆಂಡ್ ಆಯ್ತು, ಸೀಟಿ ಎಲ್ಲಿ?"

ಸ್ವಂತ ತಂಡದ ತಪ್ಪನ್ನು ಸ್ವಂತ ಬಾಯಿಂದ ಹೇಳಿದ ಅವರನ್ನು ಅಂಪೈರು ಬಾಯಿಬಿಟ್ಟು ನೋಡಿದರು. ವಿನೋದಾ ತಲೆ ಚಚ್ಚಿಕೊಂಡಳು. ಜಿತೇಶ್ ಮಾಸ್ಟರು ಓಡಿಬಂದು, "ಟೀಚರ್, ಅಂಪೈರಿಂಗ್ ಬೇಡ, ಕಾಮೆಂಟ್ರಿ ಸಾಕು!" ಎಂದು ಪಿಸುಗುಟ್ಟಿದರು. ಪಿಸುಮಾತು ಮೈಕಿನೊಳಗೆ ಹೋಗಿ ಮೈದಾನವಿಡೀ ಕೇಳಿಸಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರ್ಲ್ಟನ್ ಆಂಪ್ಲಿಫಯರಿನ ಹಿಂದೆ ಮುಖ ಅಡಗಿಸಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು.

ಅಂಪೈರು ಸೀಟಿ ಊದಲಿಲ್ಲ, ಆದರೆ ಕಾಪು ಗೆಲ್ಲಲೂ ಇಲ್ಲ. ಚೈತಾಲಿಯ ಎಸೆತ ನೆಟ್ಟಿಗೆ ಬಡಿಯಿತು, ಮುಂದಿನದು ಗೆರೆಯಾಚೆ ಬಿತ್ತು.

"ಹದಿನೈದು ಹದಿಮೂರು," ಎಂದರು ಟೀಚರು, ಸ್ವರ ಒಂದಿಷ್ಟೂ ಇಳಿಯದೆ. "ಕಾರ್ಕಳದ ಮಕ್ಕಳು ಗೆದ್ದರು. ಏನಿದು, ಚಪ್ಪಾಳೆ ಇಷ್ಟು ಸಣ್ಣದಾ? ಇನ್ನೊಮ್ಮೆ ಹೊಡೀರಿ!"

ಆಮೇಲೆ ಮೈಕ್ ಆರಿಸಿ, ಅಳುತ್ತಾ ಬಂದ ಚೈತಾಲಿಯನ್ನು ಹತ್ತಿರ ಕರೆದರು. "ಎಸೆಯುವಾಗ ನಿನ್ನ ಎಡಗಾಲು ಮುಂದೆ ಬರ್ತದೆ, ಅಷ್ಟೇ ತಪ್ಪು. ಬುಧವಾರ ಶಾಲೆ ಬಿಟ್ಟ ಮೇಲೆ ಇನ್ನಂಜೆಗೆ ಬಾ. ನಮ್ಮ ಅಂಗಳ ದೊಡ್ಡದುಂಟು."

ವಾಪಸು ಹೋಗುವಾಗ ಗೇಟಿನಲ್ಲಿ ಯಂಕಪ್ಪ ಸೆಲ್ಯೂಟ್ ಹೊಡೆದ. ದಾರಿಯುದ್ದಕ್ಕೂ ಟೀಚರು ಮಾತಾಡಿಯೇ ಮಾತಾಡಿದರು. ಮನೆ ಮುಟ್ಟುವಾಗ ಸ್ವರ ಪೂರ್ತಿ ಬಿದ್ದುಹೋಗಿತ್ತು. ಎರಡು ದಿನ ಕಾಳುಮೆಣಸಿನ ಕಷಾಯ ಕುಡಿದು ಸನ್ನೆಯಲ್ಲೇ ಕಾರ್ಲ್ಟನ್‌ಗೆ ಬೈದರು. ಅವರು ಅಷ್ಟು ಖುಷಿಯಾಗಿದ್ದುದನ್ನು ಅವನು ನೋಡಿ ಬಹಳ ಕಾಲವಾಗಿತ್ತು.

ತಿಂಗಳೊಳಗೆ ಜಿತೇಶ್ ಮಾಸ್ಟರ ಫೋನು ಬಂತು. ಇನ್ನೊಂದು ಪಂದ್ಯಕ್ಕೆ ಟೀಚರೇ ಬೇಕಂತೆ, ಜನ ಕೇಳುತ್ತಿದ್ದಾರಂತೆ.

"ಗಾಡಿ ಎಲ್ಲಿ ನಿಲ್ಲಿಸುವುದು?" ಟೀಚರು ಕೇಳಿದ ಮೊದಲ ಪ್ರಶ್ನೆ ಅದು.

"ಅಂಕಣದ ಬದಿಯಲ್ಲೇ ಟೀಚರ್. ಹಗ್ಗ ಕಟ್ಟಿ ಇಡ್ತೇನೆ."

ಒಂದರ ಹಿಂದೆ ಒಂದು ಕರೆ ಬಂತು. ಕಾರ್ಲ್ಟನ್ ವೆಲ್ಡಿಂಗ್ ಅಂಗಡಿಯಲ್ಲಿ ಓಮ್ನಿಗೆ ಅಗಲದ ಮೆಟ್ಟಿಲೊಂದನ್ನು ಹಾಕಿಸಿದ, ಬಾಗಿಲ ಪಕ್ಕ ಹಿಡಿದುಕೊಳ್ಳಲು ಕಂಬಿ ಕೂರಿಸಿದ. ಮಣಿಪಾಲದ ಡಾಕ್ಟರಲ್ಲಿಗೆ ಹೋಗುವಾಗ ಈಗಲೂ ಅದೇ ಪಾಡು, ಈಗಲೂ ಸುತ್ತು ಹಾಕುತ್ತಾನೆ, ಈಗಲೂ ಹಿಂದಿನವರು ಹಾರ್ನ್ ಒತ್ತುತ್ತಾರೆ. ಆದರೆ ಟೀಚರು ಮನೆಯಲ್ಲೇ ಇರುತ್ತೇನೆ ಎನ್ನುವುದನ್ನು ಬಿಟ್ಟಿದ್ದಾರೆ. ಭಾನುವಾರದ ಪೂಜೆಗೆ ಚರ್ಚಿಗೇ ಹೋಗುತ್ತಾರೆ. ಅಲ್ಲಿ ಫಾದರ್ ಅವರೇ ಓಮ್ನಿಗೆ ಒಂದು ಜಾಗ ಬಿಡಿಸಿದ್ದಾರೆ, ಮೈಕ್ ಕೈಕೊಟ್ಟರೆ ಬೇಕಾಗುತ್ತದೆ ಎಂದು.

ಕಳೆದ ವಾರ ನಂದಿಕೂರಿನಲ್ಲಿ ಪಂದ್ಯ. ಇವರು ಹೋಗಿ ನೋಡಿದರೆ, ಹಗ್ಗ ಕಟ್ಟಿ 'ಕಾಮೆಂಟ್ರಿ ಗಾಡಿ' ಎಂದು ಬರೆದಿಟ್ಟ ಜಾಗದಲ್ಲಿ ಒಂದು ಬಿಳಿ ಕಾರು ಹಾಯಾಗಿ ನಿಂತಿತ್ತು. ಕಾರ್ಲ್ಟನ್ ಇಳಿದು ಜಗಳಕ್ಕೆ ಹೊರಟ. ಟೀಚರು ಅವನನ್ನು ತಡೆದು, ಮೈಕಿನ ಬ್ಯಾಟರಿಯ ಸ್ವಿಚ್ ಹಾಕಿಸಿದರು.

"ಕೆಎ ಇಪ್ಪತ್ತು, ಬಿಳಿ ಕಾರಿನವರು," ಎಂದು ಓಮ್ನಿಯ ತಲೆಯ ಹಾರ್ನ್ ಮೊಳಗಿತು. "ನೀವು ಎಲ್ಲಿದ್ದರೂ ಓಡಿ ಬರಬೇಕು. ನಡೆದು ಅಲ್ಲ, ಓಡಿ."

ಮೈದಾನದ ಆಚೆಯಿಂದ ಒಬ್ಬ ದಪ್ಪನೆಯ ಮನುಷ್ಯ ಕೈಯಲ್ಲಿ ಚುರುಮುರಿಯ ಪೊಟ್ಟಣ ಹಿಡಿದು ಓಡತೊಡಗಿದ. ಜನ ದಾರಿ ಬಿಟ್ಟು ಚಪ್ಪಾಳೆ ಹೊಡೆದರು.

"ಚೆನ್ನಾಗುಂಟು, ಚೆನ್ನಾಗುಂಟು," ಎಂದರು ಬರ್ತಾ ಟೀಚರು ಮೈಕಿನಲ್ಲಿ. "ಮೊಣಕಾಲು ಇನ್ನೂ ಸ್ವಲ್ಪ ಮೇಲೆ ಬರಲಿ!"