ಎರಡು ಗಂಟು ರೊಟ್ಟಿ

ಮಗಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಅವಳಿಗೆ ಒಂದು ಕಾದಂಬರಿ ಪಾಠಕ್ಕಿತ್ತು. ಯುದ್ಧ ಮುಗಿದ ಮೇಲೆ ವಿಯೆಟ್ನಾಂ ಬಿಟ್ಟು ದೋಣಿ ಹತ್ತಿದ ಒಂದು ಕುಟುಂಬದ ಕಥೆ. ಬರೆದಾಕೆ ಪರದೇಶದಲ್ಲಿ ಬೆಳೆದು ಇಂಗ್ಲಿಷಿನಲ್ಲಿ ಬರೆಯುವವಳು. ನಾನು ಬಂದರಿನ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚುವ ತ್ರಾಣವೂ ಇಲ್ಲದೆ ಕೂತಿರುವಾಗ ಮಗಳು ಅದನ್ನು ತುಸು ತುಸುವೇ ಹೇಳುತ್ತಿದ್ದಳು. ಅದರಲ್ಲಿ ಒಬ್ಬ ತಾಯಿ. ಹೊಸ ದೇಶದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಸಮುದ್ರ ಮನೆಗೆ ಹತ್ತಿರವೇ, ಆದರೆ ಆ ಕಡೆ ಹೆಜ್ಜೆ ಇಡುವುದಿಲ್ಲ. ದೋಣಿಯಲ್ಲಿ ಏನಾಯಿತು ಎಂದು ಮಗಳು ಕೇಳಿದರೆ, ಊಟ ಮಾಡು ಅನ್ನುತ್ತಾಳೆ. ತಾಯಿಗೆ ಇಂಗ್ಲಿಷ್ ಬಾರದು. ಮಗಳಿಗೆ ತಾಯಿಯ ಭಾಷೆಯಲ್ಲಿ ಅಡುಗೆಮನೆಯ ಮಾತಷ್ಟೇ ಗೊತ್ತು.

"ನಮ್ಮ ಮನೆಯ ಹಾಗೇ ಇದೆ, ಪಪ್ಪಾ" ಅಂದಳು ಕೊಂಕಣಿಯಲ್ಲಿ.

ಖರೇ ಮಾತು. ನನ್ನ ಹೆಂಡತಿ ಇಲ್ಲಿ ಗೋವಾದವಳೇ, ಮನೆಯ ಮಾತು ಕೊಂಕಣಿ. ಅಪ್ಪ ಮುರ್ಮುಗಾಂವ್ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಕಾಲಕ್ಕೆ ಹಿಂದಿ, ಕೊಂಕಣಿ ಎರಡನ್ನೂ ಜಗಳಾಡುವಷ್ಟು ಚೆನ್ನಾಗಿ ಆಡುತ್ತಿದ್ದ. ಲಕ್ವಾ ಹೊಡೆದ ಮೇಲೆ ಅವೆರಡೂ ಹೋದವು. ಉಳಿದದ್ದು ವಿಜಯಪುರದ ಕಡೆಯ ಕನ್ನಡ ಒಂದೇ. ಮೊಮ್ಮಗಳಿಗೆ ಅದರಲ್ಲಿ "ಬಾ", "ಉಣ್ಣು", "ನೀರು ಬೇಕೇನು" ಬಿಟ್ಟರೆ ಮುಂದಕ್ಕೆ ದಾರಿಯಿಲ್ಲ.

ಊರು ಬಿಟ್ಟು ಬಂದ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಬರೆಯಿರಿ ಎಂದು ಅವಳ ಮೇಡಂ ಹೇಳಿದ್ದರು. ಹೀಗಾಗಿ ಒಂದು ರವಿವಾರ ಮಧ್ಯಾಹ್ನ ಮಗಳು ಫೋನನ್ನು ಅಜ್ಜನ ಮುಂದಿಟ್ಟು ಕೂತಳು. ನಡುವೆ ನಾನು. ವಾರವಿಡೀ ಲಾರಿಯವರಿಗೂ ಸಾಹೇಬರಿಗೂ ನಡುವೆ ಮಾತು ದಾಟಿಸಿ ದಾಟಿಸಿ ಸಾಕಾಗಿರುತ್ತದೆ. ಬೇಗ ಮುಗಿಸಿ ಅಡ್ಡಾಗೋಣ ಅಂತಿದ್ದೆ.

"ಅಪ್ಪಾ, ಗೋವಾಕ್ಕ ಹೆಂಗ ಬಂದಿ ಅಂತ ಕೇಳಾಕತ್ತಾಳ."

"ಬಸ್ಸಿನ್ಯಾಗ" ಅಂದ ಅಪ್ಪ. ಮಗಳು ನಕ್ಕಳು. ಆತ ನಗಲಿಲ್ಲ.

"ಇಬ್ಬರೂ ಕೂಡೇ ಬಂದ್ವಿ" ಅಂದ.

ಇಬ್ಬರು ಯಾರು ಅಂದೆ.

"ನಾನು, ನನ್ನ ತಮ್ಮ."

ನನಗೆ ತಿಳಿದಂತೆ ಅಪ್ಪ ತನ್ನ ಅವ್ವನಿಗೆ, ಅಂದರೆ ನಮ್ಮ ಆಯಿಗೆ, ಒಬ್ಬನೇ ಮಗ. ಊರಿನಲ್ಲೂ ಯಾರೂ ಬೇರೆ ಹೇಳಿದ್ದಿಲ್ಲ. ಲಕ್ವಾದಿಂದ ಸೊಟ್ಟಗಾದ ಬಾಯಿಯಲ್ಲಿ, ನಿಂತು ನಿಂತು, ಆತನೇ ಹೇಳಿದ. ಸಾಂಗೆ ಕಡೆಯ ಅದಿರಿನ ಗಣಿಗೆ ಅಣ್ಣತಮ್ಮ ಕೂಲಿಗೆ ಬಂದಿದ್ದರಂತೆ. ಒಂದು ಮಳೆಗಾಲ, ಅಗೆದು ಒಟ್ಟಿದ್ದ ಮಣ್ಣಿನ ದಿಬ್ಬ ಜಾರಿತು. ತಮ್ಮ ಅದರ ಬುಡದಲ್ಲಿ ಊಟಕ್ಕೆ ಕೂತಿದ್ದ. ಅಪ್ಪ ನೀರು ತರಲು ಹೋಗಿದ್ದ.

"ಹಳ್ಳದ ದಂಡಿಗೆ ಮಣ್ಣು ಮಾಡಿದ್ವಿ. ಊರಿಗೆ ಒಯ್ಯಾಕ ಯಾರೂ ಗಾಡಿ ಕೊಡಲಿಲ್ಲ."

ಹೇಳಲೆಂದೇ ಊರಿಗೆ ಹೋದನಂತೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಅವನವ್ವ ತಲೆ ಎತ್ತಿ, "ಒಬ್ಬನ ಬಂದಿ?" ಅಂದಳು. "ಅವಗ ರಜಾ ಸಿಗಲಿಲ್ಲಬೇ" ಅಂತ ಬಾಯಿಂದ ಬಂತು. ಅದನ್ನು ಆಮೇಲೆ ಹಿಂದಕ್ಕೆ ತಗೊಳ್ಳಲು ಆಗಲಿಲ್ಲ. ಆಕೆ ಗೋವಾದ ಬಸ್ಸಿನವರ ಕೈಯಲ್ಲಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಹಿಂಡಿ ಕಳಿಸುತ್ತಿದ್ದಳು. ಎರಡು ಗಂಟು, ಎರಡು ಬೇರೆ ಬೇರೆ ಬಣ್ಣದ ಅರಿವೆಯಲ್ಲಿ. ತಮ್ಮನಿಗೆ ಖಾರ ಆಗುತ್ತಿರಲಿಲ್ಲ, ಅವನ ಹಿಂಡಿಗೆ ಖಾರ ಕಡಿಮೆ.

"ಎರಡೂ ನಾನ ತಿಂದೆ" ಅಂದ ಅಪ್ಪ. "ಚೆಲ್ಲಾಕ ಮನಸ್ಸು ಬರಲಿಲ್ಲ."

ಅಪ್ಪನ ಮದುವೆಯಾಯಿತು. ತಮ್ಮನಿಗೆ ಆಗಲೂ ರಜೆ ಸಿಗಲಿಲ್ಲ. ಅಪ್ಪ ಗಣಿ ಬಿಟ್ಟು ಬಂದರಿಗೆ ಬಂದ. ನಾನು ಹುಟ್ಟಿದೆ.

"ನಿನ್ನ ತೊಟ್ಟಲಾಗ ಹಾಕುವಾಗ ಹೆಸರು ಏನಿಡೋಣು ಅಂದ್ರು. ನಾನು ಅವನ ಹೆಸರು ಹೇಳಿದೆ. ನಮ್ಮವ್ವ ಅಲ್ಲೇ ತೊಟ್ಟಿಲದ ಹಗ್ಗ ಹಿಡಕೊಂಡು ನಿಂತಿದ್ಲು."

ಬದುಕಿರುವವರ ಹೆಸರನ್ನು ನಮ್ಮಲ್ಲಿ ಕೂಸಿಗೆ ಇಡುವುದಿಲ್ಲ.

"ಏನಂದ್ಲು ಆಯಿ?"

"ಏನೂ ಅನಲಿಲ್ಲ. ಹಿತ್ತಲಕ್ಕ ಹೋಗಿ ಮಾರಿ ತೊಳಕೊಂಡು ಬಂದ್ಲು. ಎಲ್ಲಾರಿಗೂ ಗುಗ್ಗರಿ ಹಂಚಿದ್ಲು. ಮುಂದಿನ ಸಲ ಬಸ್ಸಿಗೆ ಒಂದ ಗಂಟು ಬಂತು."

ಆಕೆ ಸಾಯುವವರೆಗೂ ತಾಯಿ ಮಗ ಇಬ್ಬರೂ ಆ ಮಾತು ಎತ್ತಲಿಲ್ಲವಂತೆ. ಊರಲ್ಲಿ ಯಾರೂ ಕೇಳದ ಹಾಗೆ ಆಕೆಯೇ ನೋಡಿಕೊಂಡಿರಬೇಕು.

"ಅಜ್ಜಾನ್ ಕಿತೆಂ ಸಾಂಗ್ಲೆಂ?" ಅಜ್ಜ ಏನು ಹೇಳಿದ ಎಂದು ಮಗಳು ಕೇಳುತ್ತಿದ್ದಳು. ನಾನು ಅಷ್ಟು ಹೊತ್ತು ಒಂದು ಮಾತೂ ದಾಟಿಸಿರಲಿಲ್ಲ. ನಾಳೆ ಹೇಳುತ್ತೇನೆ ಅನ್ನೋಣವೆಂದುಕೊಂಡೆ. ಆಮೇಲೆ, ಈ ಮನೆಯಲ್ಲಿ ನಾಳೆ ಅಂದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನಿಸಿ, ಎಲ್ಲ ಹೇಳಿದೆ. ಹಿತ್ತಲು, ಗುಗ್ಗರಿ ಇವಕ್ಕೆ ಕೊಂಕಣಿ ಸಿಗದೆ ಅವನ್ನು ಕನ್ನಡದಲ್ಲೇ ಬಿಟ್ಟೆ. ಮಗಳು ಅಜ್ಜನ ಕಡೆ ನೋಡಿದಳು. ಫೋನು ಬಂದ್ ಮಾಡಿದಳು.

ಕಾಲೇಜಿಗೆ ಅವಳು ಆ ವಿಯೆಟ್ನಾಮಿನ ತಾಯಿಯ ಬಗ್ಗೆ ಮಾತ್ರ ಬರೆದು ಕೊಟ್ಟಳು. ಅಜ್ಜನದು ಯಾಕೆ ಬರೆಯಲಿಲ್ಲ ಎಂದೆ. "ಮೊದಲು ನಾನು ಕಾದಂಬರಿಯ ಮಗಳ ಪರ ಇದ್ದೆ ಪಪ್ಪಾ. ಅವಳಿಗೆ ಕೇಳುವ ಹಕ್ಕಿದೆ ಅಂತ. ಈಗ ತಿಳಿಯುತ್ತಿಲ್ಲ" ಅಂದಳು.

ದೀಪಾವಳಿ ಕಳೆದ ಮೇಲೆ ಅಪ್ಪನೇ ಸಾಂಗೆಗೆ ಒಯ್ಯಿ ಅಂದ. ಮೂವರೂ ಹೋದೆವು. ಪೇಟೆಯಿಂದ ಮುಂದಕ್ಕೆ ರಿಕ್ಷಾ. ಗಣಿ ನಿಂತು ಎಷ್ಟೋ ಕಾಲವಾಗಿತ್ತು, ಗೇಟಿಗೆ ಬೀಗ, ಒಳಗೆ ದೊಡ್ಡ ಹೊಂಡದಲ್ಲಿ ಹಸಿರು ನೀರು. ಅಪ್ಪ ನನ್ನ ತೋಳು ಹಿಡಿದು ಬೇಲಿಯುದ್ದಕ್ಕೂ ಕಾಲೆಳೆದು ನಡೆದ. ಹಳ್ಳ ಸಿಗಲಿಲ್ಲ.

"ಇಲ್ಲೊಂದು ಗುಡ್ಡ ಇತ್ತು" ಅಂದ. "ಗುಡ್ಡನ ಇಲ್ಲಲ್ಲೋ."

ಅದನ್ನು ಮಗಳಿಗೆ ಹೇಳಿದೆ. ಅವಳು ಬಾಟಲಿಯ ನೀರು ಕೊಟ್ಟಳು. ಆತ ಒಂದು ಗುಟುಕು ಕುಡಿದು, ಉಳಿದದ್ದನ್ನು ಬೇಲಿಯೊಳಗೆ ಕೈ ಹಾಕಿ ನಿಧಾನವಾಗಿ ಕೆಂಪು ಮಣ್ಣಿಗೆ ಹನಿಸಿದ. ಅರ್ಧ ಅವನ ಧೋತರದ ಮೇಲೆಯೇ ಬಿತ್ತು.

"ನಡಿ, ಸಾಕಾತು" ಅಂದ.

ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ಅಪ್ಪ ನಿದ್ದೆ ಹೋದ. ಮಗಳು ಕಿಟಕಿಯ ಆಚೆ ನೋಡುತ್ತಿದ್ದಳು. ನನಗೆ ಕಾಲು ನೋಯುತ್ತಿತ್ತು.