ಕೆಂಪಾಂಬುಧಿ ಏರಿಯ ಮೇಲೆ ಬ್ರೈಟನ್

ಸಮುದ್ರವನ್ನು ಕಾಣದವನು ಸಮುದ್ರದ ವಿಷಯ ಬರೆಯಬಾರದೆಂಬುದು ವಿವೇಕಿಗಳೆಲ್ಲ ಒಪ್ಪತಕ್ಕ ಮಾತು. ಆದರೆ ಬೆಂಗಳೂರಿನವರು ತಮ್ಮ ಎರಡು ಕೆರೆಗಳಿಗೆ ಧರ್ಮಾಂಬುಧಿ, ಕೆಂಪಾಂಬುಧಿ ಎಂದು ಸಾಗರದ ಹೆಸರಿಟ್ಟು, ಮೊದಲನೆಯದನ್ನು ಬತ್ತಲು ಬಿಟ್ಟು ಮೈದಾನ ಮಾಡಿಕೊಂಡವರು. ಅವರಿಗೆ ವಿವೇಕ ಹೇಳುವವರಾರು? ಉಳಿದ ಸಾಗರದ ಏರಿಯ ಮೇಲೆ, ಮುಚ್ಚುಕೋಟು ತೊಟ್ಟು, ರುಮಾಲು ಸುತ್ತಿ, ತೋರುಬೆರಳನ್ನು ನಾಲಿಗೆಗೆ ತಾಗಿಸಿ ಗಾಳಿಗೆ ಹಿಡಿದು ನಿಂತಿದ್ದ ಭೂಗೋಳದ ಮೇಷ್ಟ್ರನ್ನು ನಾನು ಮೊದಲು ಕಂಡೆ. ಗಾಳಿ ಯಾವ ದಿಕ್ಕಿನದೆಂದು ತಿಳಿಯಲು ಅವರಲ್ಲಿದ್ದ ಉಪಕರಣ ಅದೊಂದೇ. ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಉಡುಪಿ ಕಡೆಯಿಂದ ಬಂದು ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡಲು ಸೇರಿದ್ದೆ. ಅವರದೂ ಅದೇ ಸ್ಕೂಲು, ಅದೇ ವಠಾರ. ನನ್ನ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದರು. ಕೆಮ್ಮಿದರೆ ಗೋಡೆಯಾಚೆ ಕೇಳಿಸುತ್ತಿತ್ತು, ಮಾತು ಕೇಳಿಸಿದ್ದಿಲ್ಲ.

ಪಠ್ಯಪುಸ್ತಕ ಸಮಿತಿಯೊಂದು ಅವರನ್ನು 'ಒಂದು ನಗರದ ಬೆಳವಣಿಗೆ' ಎಂಬ ಪಾಠ ಕೇಳಿತ್ತು. ಮೈಸೂರೋ ಹಂಪೆಯೋ ಬರೆದು ಕೈತೊಳೆದುಕೊಳ್ಳಬಹುದಿತ್ತು. ಮೇಷ್ಟ್ರು ಇಂಗ್ಲೆಂಡಿನ ಬ್ರೈಟನ್ ಹಿಡಿದರು. ಮೊದಲು ಬೆಸ್ತರ ಹಳ್ಳಿ, ಸಮುದ್ರದ ನೀರು ಕುಡಿದು ಅದರಲ್ಲೇ ಮಿಂದರೆ ಕಾಯಿಲೆ ಹೋಗುತ್ತದೆಂದು ಒಬ್ಬ ಡಾಕ್ಟರು ಸಾರಿದ, ರೋಗಿಗಳು ಬಂದರು, ಆಮೇಲೆ ಯುವರಾಜ ಬಂದು ನಮ್ಮ ದೇಶದ ಗುಮ್ಮಟಗಳನ್ನಿಟ್ಟು ಅರಮನೆ ಕಟ್ಟಿಸಿದ, ಅವನ ಹಿಂದೆ ಶ್ರೀಮಂತರು, ರೈಲಾದ ಮೇಲೆ ಲಂಡನ್ನಿನ ಗುಮಾಸ್ತರು. ಇಷ್ಟೇ ಕಥೆ. ಮೇಷ್ಟ್ರಿಗೆ ಮೂರು ವರ್ಷ ಹಿಡಿಯಿತು.

ತೊಡಕಾದದ್ದು ಒಂದೇ ವಾಕ್ಯ: 'ಇಲ್ಲಿಗೆ ಬಂದ ರೋಗಿಗಳಲ್ಲಿ ಅನೇಕರು ಗುಣ ಹೊಂದಿದರು.' ಅದನ್ನು ಬರೆಯುವರು, ಹೊಡೆದುಹಾಕುವರು, ಮತ್ತೆ ಬರೆಯುವರು.

"ರೀ, ನೀವು ಸಮುದ್ರದ ಕಡೆಯೋರು. ಆ ಗಾಳಿಗೆ ನಿಜವಾಗ್ಲೂ ಕಾಯಿಲೆ ವಾಸಿ ಆಗತ್ತಾ?"

"ಆಗುವುದಾದರೆ ನಮ್ಮಲ್ಲಿ ಮದ್ದು ಕೊಡುವ ಪಂಡಿತರೇ ಇರುತ್ತಿರಲಿಲ್ಲ ಸಾರ್."

"ಪುಸ್ತಕ ಓದ್ದಂಗೆ ಮಾತಾಡ್ಬೇಡಿ. ಹೌದೋ ಅಲ್ವೋ, ಅಷ್ಟು ಹೇಳಿ."

ಒಂದು ಭಾನುವಾರ ಏರಿಯ ಮೇಲೆ ಕೂತು, ನಾನು ಕೇಳದೆಯೇ ಹೇಳಿದರು. ಹಿಂದೆ ಅವರ ಹೆಂಡತಿಗೆ ಎದೆಯ ಕಾಯಿಲೆಯಾಗಿತ್ತು. ಎರಡು ತಿಂಗಳು ಸಮುದ್ರತೀರಕ್ಕೆ ಕರೆದುಕೊಂಡು ಹೋಗಿ, ಹವಾ ಬದಲಾವಣೆಯಾಗಲಿ ಎಂದಿದ್ದರಂತೆ ಡಾಕ್ಟರು.

"ನಾನು ನಕ್ಕುಬಿಟ್ಟೆ ಕಣ್ರೀ. ಏನ್ ಡಾಕ್ಟ್ರೇ, ಮದ್ರಾಸಿನೋರು ಸಮುದ್ರ ಬಿಟ್ಟು ಹವಾ ಬದಲಾವಣೆಗೆ ನಮ್ಮೂರಿಗೆ ಬರ್ತಾರೆ, ಬೆಂಗಳೂರಿನೋರು ಎಲ್ಲಿಗ್ರೀ ಹೋಗೋದು ಅಂದೆ. ಡಾಕ್ಟ್ರೂ ನಕ್ರು. ಅವಳೂ ನಕ್ಕಳು. ನಗೋಕೆ ಹೋಗಿ ಕೆಮ್ಮು ಹತ್ತಿಸ್ಕೊಂಡ್ಲು."

ಅವರು ಸಮುದ್ರಕ್ಕೆ ಹೋಗಲಿಲ್ಲ; ಆಕೆ ಮುಂದಿನ ಯುಗಾದಿ ಕಾಣಲಿಲ್ಲ.

ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. ಊರಿನ ಹವೆಯ ಬಗ್ಗೆ ಇಷ್ಟು ಹೆಮ್ಮೆ ಪಟ್ಟು ಇಷ್ಟು ದಂಡ ತೆತ್ತವರನ್ನು ನಾನು ಬೇರೆ ಕಂಡಿಲ್ಲ.

"ನನ್ನ ತಾಯಿ ಹೋದದ್ದು ಸಮುದ್ರದಿಂದ ನೂರು ಮಾರು ದೂರದ ಮನೆಯಲ್ಲಿ, ಸಾರ್. ಗಾಳಿ ಏನೂ ಮಾಡಲಿಲ್ಲ," ಎಂದೆ.

ಹೇಳಿದ್ದು ಅಕ್ಷರಶಃ ಸತ್ಯ. ಹಾವು ಕಚ್ಚಿತ್ತೆಂಬುದನ್ನು ಮಾತ್ರ ಬಿಟ್ಟೆ.

"ಏನೂ ಮಾಡ್ಲಿಲ್ವಾ?"

"ಏನೂ ಇಲ್ಲ."

ಮಾರನೆಯ ಬೆಳಿಗ್ಗೆ ಮೇಷ್ಟ್ರು ಆ ವಾಕ್ಯವನ್ನು ಕೊನೆಯ ಬಾರಿ ಹೊಡೆದು ಪಾಠ ಕಳಿಸಿದರು. ಸತ್ಯವನ್ನು ಪೂರ್ತಿ ಹೇಳಿಬಿಡೋಣವೆಂದು ಆಮೇಲೆ ಎರಡು ಸಲ ಅವರ ಬಾಗಿಲವರೆಗೆ ಹೋದೆ. ಎರಡು ಸಲವೂ "ಬನ್ನಿ, ಬನ್ನಿ" ಎಂದು ಅಷ್ಟು ಸಡಗರದಿಂದ ಚಾಪೆ ಹಾಸಿದರು. ಹವಾಮಾನ ಮಾತಾಡಿ ಹಿಂದಿರುಗಿದೆ.

ತಿಂಗಳಾದ ಮೇಲೆ ಸಮಿತಿಯ ಕಾರ್ಯದರ್ಶಿ ಸ್ಕೂಲಿಗೇ ಬಂದರು.

"ರೋಗಿಗಳು ಗುಣ ಆಗ್ದಿದ್ರೆ ಊರು ಹೆಂಗ್ ಸಾರ್ ಬೆಳೀತು? ಒಂದು ಸಾಲು ಸೇರಿಸಿಕೊಡಿ, ನಾಳೇನೇ ಅಚ್ಚಿಗೆ ಹೋಗತ್ತೆ."

"ಜನ ನಂಬಿದ್ರು, ಬಂದ್ರು, ಊರು ಬೆಳೀತು. ವಾಸಿ ಆದ್ರು ಅಂತ ನನ್ನ ಕೈಲಿ ಬರೆಸ್ಬೇಡಿ."

"ಮಕ್ಕಳು ಓದೋ ಪಾಠ ಸಾರ್. ಯಾರು ಕೇಳ್ತಾರೆ?"

"ನಾನಿದೀನಲ್ಲ ಕೇಳೋಕೆ."

ಕಾರ್ಯದರ್ಶಿಗಳು ನನ್ನ ಕಡೆ ನೋಡಿದರು. ನಾನು ಹಾಜರಿ ಪುಸ್ತಕ ನೋಡಿದೆ.

ಮೇಷ್ಟ್ರು ಮುಂದಿನ ಬೇಸಿಗೆ ರಜೆಯಲ್ಲಿ ತೀರಿಕೊಂಡರು. ಪುಸ್ತಕದಲ್ಲಿ ಆ ಪಾಠದ ಜಾಗಕ್ಕೆ ರೇಷ್ಮೆಹುಳುವಿನ ಪಾಠ ಹಾಕಿದರು.